ತುಮಕೂರಿನ ಡೆಪ್ಯುಟಿ ಕಮಿಷನರು, ಮಾರಿಕಣಿವೆಯ ದಿವಾನರು

ಮೈಸೂರು ಸಂಸ್ಥಾನದ ದಿವಾನರ ಪರಂಪರೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ನಮ್ಮ ನಾಡಿನ ಮನೆಮನೆಗೂ ಪರಿಚಿತವಾದುದು. ಅವರಿಗಿಂತ ಸುಮಾರು ಮೂರು ದಶಕಗಳ ಮೊದಲು ಆ ಪದವಿಯನ್ನೇರಿ, ಹದಿನೆಂಟು ವರ್ಷಗಳ ದೀರ್ಘಕಾಲ ಸಂಸ್ಥಾನದ ಆಡಳಿತಸೂತ್ರವನ್ನು ಹಿಡಿದಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಹೆಸರು ಬೆಂಗಳೂರಿನ ಒಂದು ಬಡಾವಣೆಯಲ್ಲಿಯೂ ಕಬ್ಬನ್ ಉದ್ಯಾನದ ಒಂದು ಪ್ರತಿಮೆಯಲ್ಲಿಯೂ ಉಳಿದಿದೆಯೇ ಹೊರತು, ನಮ್ಮ ಜಿಲ್ಲೆಯ ಜನರ ನಾಲಿಗೆಯ ಮೇಲೆ ಅಷ್ಟಾಗಿ ಉಳಿದಿಲ್ಲ. ಇದು ಸೋಜಿಗದ ಸಂಗತಿ. ಏಕೆಂದರೆ ಶೇಷಾದ್ರಿ ಅಯ್ಯರವರು ದಿವಾನರಾಗುವುದಕ್ಕೆ ಮುನ್ನ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರಾಗಿದ್ದವರು. ಅದೂ ಈ ಜಿಲ್ಲೆ ಕಂಡ ಅತ್ಯಂತ ಘೋರವಾದ ಬರಗಾಲ ಮುಗಿದ ಮರುಗಳಿಗೆಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಬಂದು ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ನೀರಿಗಾಗಿ ಒಂದು ಇಡೀ ಕಣಿವೆಗೆ ಗೋಡೆ ಕಟ್ಟಿಸಲು ಮುಂದಾದ ಮಹನೀಯರೊಬ್ಬರ ಜೀವನವನ್ನು ಈ ವರ್ಷದ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಶೇಷಾದ್ರಿ ಅಯ್ಯರವರು ಜನಿಸಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲ್ಘಾಟ್ ಸಮೀಪದ ಕುಮಾರಪುರಂ ಎಂಬ ಅಗ್ರಹಾರದಲ್ಲಿ. ತಂದೆ ಅನಂತನಾರಾಯಣ ಅಯ್ಯರವರು ಕಲ್ಲೀಕೋಟೆಯಲ್ಲಿ ವಕೀಲರು. ಮಗು ಇನ್ನೂ ತೊಟ್ಟಿಲಿನಲ್ಲಿರುವಾಗಲೇ ತಂದೆ ತೀರಿಕೊಂಡದ್ದರಿಂದ ಸಂಸಾರದ ಭಾರ ಹಿರಿಯ ಅಣ್ಣಂದಿರ ಹೆಗಲಿಗೆ ಬಿತ್ತು. ಕಲ್ಲೀಕೋಟೆಯಲ್ಲಿ ಶಾಲಾಭ್ಯಾಸ ಮುಗಿಸಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಅವರು 1866ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಅಂದಿನ ದಿನಗಳಲ್ಲಿ ಪದವೀಧರರೆಂದರೆ ಬೆರಳೆಣಿಕೆಯ ಮಂದಿ. ಕಲ್ಲೀಕೋಟೆಯ ಕಲೆಕ್ಟರರ ಕಚೇರಿಯಲ್ಲಿ ಭಾಷಾಂತರಕಾರರಾಗಿ ಎರಡು ವರ್ಷ ಕೆಲಸ ಮಾಡಿದರು. ಅದೇ ಊರಿನಲ್ಲಿ ಅಧಿಕಾರಿಯಾಗಿದ್ದ ಸಿ. ರಂಗಾಚಾರ್ಲು ಅವರ ದೃಷ್ಟಿ ಈ ತರುಣನ ಮೇಲೆ ಬಿದ್ದದ್ದು ಅವರ ಬಾಳಿನ ತಿರುವು. 1868ರಲ್ಲಿ ರಂಗಾಚಾರ್ಲು ಅವರು ಮೈಸೂರಿನ ಸೇವೆಗೆ ಬಂದಾಗ ಶೇಷಾದ್ರಿ ಅಯ್ಯರವರನ್ನೂ ಕರೆತಂದರು. ಅಷ್ಟಗ್ರಾಮ ವಿಭಾಗದ ನ್ಯಾಯಶಾಖೆಯಲ್ಲಿ ಶಿರಸ್ತೇದಾರರಾಗಿ ಅವರ ವೃತ್ತಿ ಮೊದಲಾಯಿತು. ಕಚೇರಿಯ ಕೆಲಸದ ನಡುವೆಯೇ ಕಾನೂನು ವ್ಯಾಸಂಗ ನಡೆಸಿ 1874ರಲ್ಲಿ ಬಿ.ಎಲ್. ಪದವಿಯನ್ನೂ ಗಳಿಸಿದರು. ಇಷ್ಟು ಅವರ ಬಾಲ್ಯ ಮತ್ತು ಪೂರ್ವಾರ್ಧ. ವಿದ್ಯಾವಂತ ಬಡ ಕುಟುಂಬದ ಅನೇಕ ಯುವಕರ ಕಥೆಯೂ ಆ ಕಾಲದಲ್ಲಿ ಹೀಗೆಯೇ ಇದ್ದೀತು.

ಕಥೆ ಬೇರೆಯಾಗುವುದು 1879ರಿಂದ. ಆ ವರ್ಷ ಅವರು ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರೂ ಜಿಲ್ಲಾ ಮ್ಯಾಜಿಸ್ಟ್ರೇಟರೂ ಆಗಿ ನಿಯುಕ್ತರಾಗಿ, ಸುಮಾರು ಎರಡು ವರ್ಷ ಆ ಹುದ್ದೆಯಲ್ಲಿದ್ದರು.

ಅವರು ಯಾವ ಜಿಲ್ಲೆಗೆ ಬಂದರೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರದಷ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಹುಟ್ಟಿ ಬೆಳೆಯಬೇಕಾಗಿದ್ದವರನ್ನು ಲೆಕ್ಕಕ್ಕೆ ಹಿಡಿಯದೆಯೇ ಸುಮಾರು 8 ಲಕ್ಷ 70 ಸಾವಿರ ಜನರ ಕೊರತೆ. ಈ ಹೊಡೆತ ಎಲ್ಲ ಕಡೆಯೂ ಒಂದೇ ಸಮನಾಗಿ ಬೀಳಲಿಲ್ಲ. ಮಲೆನಾಡು ಬಹುಮಟ್ಟಿಗೆ ಉಳಿಯಿತು. ಕೋಲಾರ, ತುಮಕೂರು, ಚಿತ್ರದುರ್ಗಗಳಂತಹ ಬಯಲುಸೀಮೆಯ ಜಿಲ್ಲೆಗಳು ನೆಲಕಚ್ಚಿದವು. ಬೆಂಗಳೂರಿನವರೆಗೆ ಮದ್ರಾಸಿನಿಂದ ರೈಲುದಾರಿ 1864ರಲ್ಲಿಯೇ ಬಂದಿತ್ತು. ಧಾನ್ಯವೂ ಆ ದಾರಿಯಲ್ಲಿ ಬಂದಿಳಿಯುತ್ತಿತ್ತು. ಆದರೆ ಅಲ್ಲಿಂದ ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿಗಳೇ ಗತಿ; ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದ ಕಾಲದಲ್ಲಿ ಗಾಡಿಗಳನ್ನು ಎಳೆಯುವವರಾರು? ಪಾವಗಡದ ಗುಡ್ಡದ ಬುಡದಲ್ಲಿದ್ದವನಿಗೆ ಬೆಂಗಳೂರಿನ ನಿಲ್ದಾಣದಲ್ಲಿದ್ದ ಅಕ್ಕಿಯ ಮೂಟೆ ಕೈಗೆಟುಕದ ವಸ್ತುವಾಗಿತ್ತು.

ಈ ನಾಲ್ಕು ತಾಲ್ಲೂಕುಗಳ ನೀರಿನ ವ್ಯವಸ್ಥೆಯಲ್ಲಿ ಒಂದು ವಿಶೇಷವಿದೆ. ಇಲ್ಲಿ ಬೀಳುವ ಮಳೆ ವರ್ಷಕ್ಕೆ ಇಪ್ಪತ್ತೈದು ಅಂಗುಲದ ಆಚೀಚೆ. ಪಾವಗಡದಲ್ಲಿ ಅದಕ್ಕೂ ಕಡಮೆ. ಜಯಮಂಗಲಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೂಲಕ ಹರಿದು ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆದರೆ ಇದನ್ನು ಜೀವನದಿ ಎಂದು ಕರೆಯುವಂತಿಲ್ಲ. ವರ್ಷದ ಬಹುಭಾಗ ಮರಳೇ ಅದರ ಮೈ. ಹಾಗಿದ್ದರೂ ಈ ಮರಳು ಮಿಶ್ರಿತ ನೆಲದ ಒಡಲಿನಲ್ಲಿ ನೀರು ನಿಂತಿರುತ್ತಿತ್ತು. ಕೆಲವೆಡೆ ಅದು ತಾನಾಗಿ ಜಿನುಗಿ ಮೇಲೆ ಬರುತ್ತಿತ್ತು. ಅಂತಹ ಒರತೆಯ ಬಾಯಿಯನ್ನು ತೋಡಿ, ಅಲ್ಲಿಂದ ಕಾಲುವೆ ತೆಗೆದು, ಗದ್ದೆ ತೋಟಗಳಿಗೆ ನೀರು ಹಾಯಿಸುವ ಏರ್ಪಾಟಿಗೆ ತಲಪರಿಗೆ ಎಂದು ಹೆಸರು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳು ತಲಪರಿಗೆಗಳ ಸೀಮೆಯೆಂದೇ ಹಳೆಯ ಗೆಜೆಟಿಯರುಗಳಲ್ಲಿ ದಾಖಲಾಗಿವೆ. ಊರವರು ವರ್ಷಕ್ಕೊಮ್ಮೆ ಸೇರಿ ಮರಳು ಎತ್ತಿ, ಕಾಲುವೆ ಸವರಿ, ಸರದಿಯಂತೆ ನೀರು ಕಟ್ಟಿಕೊಳ್ಳುತ್ತಿದ್ದರು. ಇಂದು ಕೊಳವೆಬಾವಿಗಳು ಆಳಕ್ಕಿಳಿದಂತೆ ಬಹುಪಾಲು ತಲಪರಿಗೆಗಳು ಬತ್ತಿ, ಅವುಗಳ ಹೆಸರು ಮಾತ್ರ ಹೊಲಗದ್ದೆಗಳಿಗೆ ಅಂಟಿಕೊಂಡು ಉಳಿದಿದೆ.

ತಲಪರಿಗೆ ಬಿಟ್ಟರೆ ಕೆರೆ. ನಮ್ಮ ಕೆರೆಯ ಏರಿ ಎಂಬುದು ಮಣ್ಣಿನ ಅಣೆಕಟ್ಟೇ ಸರಿ. ಎರಡು ದಿಬ್ಬಗಳ ನಡುವೆ ಮಣ್ಣು ಹಾಕಿ, ತುಳಿಸಿ, ನೀರಿನ ಕಡೆಗೆ ಕಲ್ಲು ಹಾಸಿ ಕಟ್ಟಿದ ಈ ಏರಿಗಳು ಶತಮಾನಗಳ ಕಾಲ ಬಾಳಿವೆ. ಅವುಗಳ ಶತ್ರು ಒಂದೇ: ಏರಿಯ ನೆತ್ತಿಯ ಮೇಲೆ ಹರಿಯುವ ನೀರು. ಕಲ್ಲುಕಟ್ಟಡದ ಮೇಲೆ ನೀರು ಹಾದುಹೋದರೆ ಕಟ್ಟಡ ನಿಂತೀತು. ಮಣ್ಣಿನ ಏರಿಯ ಮೇಲೆ ಒಂದು ಗೇಣು ನೀರು ಹಾದರೂ ಮಣ್ಣು ಕೊಚ್ಚಿ, ಗಳಿಗೆಯಲ್ಲಿ ಕಂಡಿ ಬೀಳುತ್ತದೆ. ಆದುದರಿಂದಲೇ ಕೋಡಿಯ ಎತ್ತರ ಮತ್ತು ಅಗಲಕ್ಕೆ ಅಷ್ಟು ಪ್ರಾಧಾನ್ಯ. ಒಂದರ ಕೋಡಿಯ ನೀರು ಮತ್ತೊಂದರ ಅಂಗಳಕ್ಕೆ ಇಳಿಯುವ ಸರಪಳಿ ಕೆರೆಗಳಲ್ಲಿ ಮೇಲಿನದು ಒಡೆದರೆ ಕೆಳಗಿನವೂ ಒಡೆಯುತ್ತವೆ. ಮಹಾಕ್ಷಾಮದ ವರ್ಷಗಳಲ್ಲಿ ಕೆರೆಗಳು ಒಣಗಿದುವಷ್ಟೇ ಅಲ್ಲ, ಅವುಗಳನ್ನು ಕಾಯುತ್ತಿದ್ದ ನೀರಗಂಟಿಗಳೂ ಏರಿಗೆ ಮಣ್ಣು ಹಾಕುತ್ತಿದ್ದ ರೈತರೂ ಊರು ಬಿಟ್ಟರು ಇಲ್ಲವೆ ಸತ್ತರು. ಬರದ ಬಳಿಕ ಮಳೆ ಬಂದಾಗ ನೋಡಿಕೊಳ್ಳುವವರಿಲ್ಲದ ಕೆರೆ ಉಳಿಯುವುದು ಕಷ್ಟ.

ಇಂತಹ ಜಿಲ್ಲೆಯಲ್ಲಿ ಡೆಪ್ಯುಟಿ ಕಮಿಷನರ ಕೆಲಸವೆಂದರೆ ಕಂದಾಯ ವಸೂಲಿ, ನ್ಯಾಯತೀರ್ಮಾನ, ಪಾಳುಬಿದ್ದ ಜಮೀನುಗಳ ವಿಲೇವಾರಿ, ಕೆರೆಗಳ ದುರಸ್ತಿ ಎಲ್ಲವೂ ಸೇರಿದ್ದು. ಕುದುರೆಯ ಮೇಲೋ ಗಾಡಿಯಲ್ಲೋ ತಾಲ್ಲೂಕು ತಾಲ್ಲೂಕು ಸುತ್ತುವ ಜಮಾಬಂದಿಯ ಪ್ರವಾಸ ಆ ಹುದ್ದೆಯ ಅನಿವಾರ್ಯ ಅಂಗ. ಮಲಬಾರಿನಂತಹ ಹಸಿರು ನಾಡಿನಲ್ಲಿ ಬೆಳೆದವರು, ನ್ಯಾಯಾಲಯದ ಕಾಗದಪತ್ರಗಳಲ್ಲಿ ಹತ್ತು ವರ್ಷ ಕಳೆದವರು, ಮೊತ್ತಮೊದಲ ಬಾರಿಗೆ ಒಂದು ಜಿಲ್ಲೆಯ ಹೊಣೆ ಹೊತ್ತದ್ದು ಇಲ್ಲಿ. ಮುಂದೆ ದಿವಾನರಾಗಿ ಅವರು ಹಣ ಚೆಲ್ಲಿದ ಎರಡು ಬಾಬುಗಳು ರೈಲು ಮತ್ತು ನೀರಾವರಿ. ಅವುಗಳ ಬೀಜ ಈ ಎರಡು ವರ್ಷಗಳಲ್ಲಿ ಬಿತ್ತೆಂದು ಭಾವಿಸಲು ಅಡ್ಡಿಯಿಲ್ಲ.

1881ರ ಮಾರ್ಚ್ 25ರಂದು ಆಂಗ್ಲ ಸರ್ಕಾರ ಐವತ್ತು ವರ್ಷಗಳ ತನ್ನ ನೇರ ಆಡಳಿತವನ್ನು ಮುಗಿಸಿ, ಸಂಸ್ಥಾನವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರವರಿಗೆ ಒಪ್ಪಿಸಿತು. ರಂಗಾಚಾರ್ಲು ದಿವಾನರಾದರು. ಶೇಷಾದ್ರಿ ಅಯ್ಯರವರು ಕೆಲಕಾಲ ಅಷ್ಟಗ್ರಾಮದ ಸೆಷನ್ಸ್ ನ್ಯಾಯಾಧೀಶರಾಗಿದ್ದು, ಬಳಿಕ ದಿವಾನರ ಕಚೇರಿಯಲ್ಲಿ ವಿಶೇಷಾಧಿಕಾರಿಯಾದರು. 1883ರ ಜನವರಿಯಲ್ಲಿ ರಂಗಾಚಾರ್ಲು ಅವರು ನಿಧನರಾದಾಗ, ಮೂವತ್ತೆಂಟು ತುಂಬದ ಶೇಷಾದ್ರಿ ಅಯ್ಯರವರನ್ನು ಮಹಾರಾಜರು ಆ ಸ್ಥಾನಕ್ಕೆ ಆರಿಸಿದರು. ಅವರಿಗಿಂತ ಹಿರಿಯರಾದ ಅಧಿಕಾರಿಗಳು ಸಂಸ್ಥಾನದಲ್ಲಿ ಇರಲಿಲ್ಲವೆಂದಲ್ಲ.

ಅವರ ಕೈಗೆ ಬಂದ ಖಜಾನೆ ಬರಿದಾಗಿತ್ತು. ಬರಗಾಲದ ಖರ್ಚಿಗಾಗಿ ಮಾಡಿದ್ದ 80 ಲಕ್ಷ ರೂಪಾಯಿಯ ಸಾಲ ತಲೆಯ ಮೇಲಿತ್ತು. ಆಂಗ್ಲ ಸರ್ಕಾರಕ್ಕೆ ಪ್ರತಿವರ್ಷ ಸಲ್ಲಬೇಕಾದ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು. ಸಂಸ್ಥಾನದ ದುಃಸ್ಥಿತಿಯನ್ನು ಕಂಡು ಆ ಏರಿಕೆಯನ್ನು 1896ರವರೆಗೆ ಮುಂದೂಡಲಾಯಿತು. ಹೀಗಿದ್ದಾಗ ಸಾಮಾನ್ಯ ಆಡಳಿತಗಾರರು ಖರ್ಚು ಕಡಮೆ ಮಾಡಿ ಸಾಲ ತೀರಿಸಲು ಹೊರಡುತ್ತಾರೆ. ಶೇಷಾದ್ರಿ ಅಯ್ಯರವರು ಖರ್ಚನ್ನು ಹಿಡಿದರೂ ಕಾಮಗಾರಿಯನ್ನು ನಿಲ್ಲಿಸಲಿಲ್ಲ. ಬೆಂಗಳೂರಿನಿಂದ ತುಮಕೂರಿಗೆ ರೈಲು 1884ರಲ್ಲಿ ಬಂತು. 1889ರ ವೇಳೆಗೆ ಆ ದಾರಿ ಹರಿಹರದವರೆಗೆ ಮುಂದುವರಿದು ಉತ್ತರದ ಕಬ್ಬಿಣದ ಹಾದಿಗಳೊಡನೆ ಬೆಸೆದುಕೊಂಡಿತು. ಧಾತು ಈಶ್ವರ ಬರದಲ್ಲಿ ಬೆಂಗಳೂರಿನಲ್ಲೇ ನಿಂತುಹೋಗಿದ್ದ ಧಾನ್ಯ, ಮತ್ತೊಮ್ಮೆ ಬರ ಬಂದರೆ ತುಮಕೂರಿನವರೆಗಾದರೂ ಬರುವಂತಾಯಿತು. ಮಧುಗಿರಿ, ಪಾವಗಡಗಳನ್ನು ಆ ರೈಲು ಮುಟ್ಟಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ನೀರಾವರಿಯ ಬಾಬಿನಲ್ಲಿ ಅವರ ಹದಿನೆಂಟು ವರ್ಷಗಳ ಅವಧಿಯಲ್ಲಿ ಹೊಸ ಕಾಮಗಾರಿಗಳಿಗಾಗಿಯೇ ಸುಮಾರು ಒಂದು ಕೋಟಿ ರೂಪಾಯಿ ವೆಚ್ಚವಾಯಿತು. ಅದರ ಫಲವಾಗಿ ಸುಮಾರು 355 ಚದರ ಮೈಲಿ ಭೂಮಿ ಹೊಸದಾಗಿ ನೀರಾವರಿಗೆ ಒಳಪಟ್ಟಿತು. ಶಿರಾ ಸೀಮೆಗೆ ಹತ್ತಿರದ ಬೋರನಕಣಿವೆಯಲ್ಲಿ ಸುವರ್ಣಮುಖಿ ಹೊಳೆಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದು ಇದೇ ದಿವಾನಗಿರಿಯ ಕಾಲದಲ್ಲಿ. ಬೆಂಗಳೂರಿಗೆ ಅರ್ಕಾವತಿಯ ನೀರನ್ನು ಹೆಸರಘಟ್ಟದ ಕೆರೆಯಿಂದ ಉಗಿಯಂತ್ರಗಳ ಮೂಲಕ ಎತ್ತಿ ತಂದದ್ದು 1896ರಲ್ಲಿ. ಆದರೆ ಕೆರೆಗಳನ್ನು ಎಷ್ಟು ಕಟ್ಟಿದರೂ ಅವು ಆಯಾ ವರ್ಷದ ಮಳೆಗೆ ಕಟ್ಟುಬಿದ್ದವು. ಎರಡು ವರ್ಷ ಮಳೆ ತಪ್ಪಿದರೆ ಕೆರೆಯ ಅಂಗಳದಲ್ಲಿ ದನ ಮೇಯುತ್ತವೆ. ಒಂದು ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಗಳಿಗಾಗಿ ಉಳಿಸಿಡುವಷ್ಟು ದೊಡ್ಡ ಜಲಾಶಯ ಬಯಲುಸೀಮೆಗೆ ಬೇಕಾಗಿತ್ತು.

ಅದಕ್ಕೆ ತಕ್ಕ ಸ್ಥಳ ಶಿರಾದ ಉತ್ತರಕ್ಕೆ, ಹಿರಿಯೂರು ತಾಲ್ಲೂಕಿನಲ್ಲಿತ್ತು. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹರಿದು, ಹಿರಿಯೂರಿಗೆ ಮೊದಲು ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಂದರದಲ್ಲಿ ನುಸುಳುತ್ತವೆ. ಅಲ್ಲಿನ ಮಾರಮ್ಮ ದೇವಿಯಿಂದಾಗಿ ಅದಕ್ಕೆ ಮಾರಿಕಣಿವೆ ಎಂಬ ಹೆಸರು. ಕಣಿವೆಯ ಹಿಂದೆ ವಿಶಾಲವಾದ ಬಯಲು, ಮುಂದೆ ಬಾಯಾರಿದ ಕರಿಮಣ್ಣು ಮತ್ತು ಕೆಮ್ಮಣ್ಣಿನ ನೆಲ. ಅಲ್ಲಿಗೆ ನೀರು ತರುವ ನದಿಗೆ 2,000 ಚದರ ಮೈಲಿಗಳಿಗೂ ಮಿಕ್ಕ ಜಲಾನಯನ ಪ್ರದೇಶ. ಪ್ರಕೃತಿಯೇ ಮುಕ್ಕಾಲು ಪಾಲು ಕೆರೆಯನ್ನು ಕಟ್ಟಿ ಬಾಗಿಲೊಂದನ್ನು ತೆರೆದಿಟ್ಟಂತಿದ್ದ ಆ ಜಾಗದ ಮೇಲೆ ಅದಕ್ಕೂ ಮೊದಲು ಆಡಳಿತಗಾರರ ಕಣ್ಣು ಬಿದ್ದೇ ಇತ್ತು. ಆದರೆ ಯೋಚನೆ ಕಾಗದದಿಂದ ಕಣಿವೆಗೆ ಇಳಿದಿರಲಿಲ್ಲ.

ಇಳಿಯಲು ಒಂದು ದೊಡ್ಡ ಅಡ್ಡಿಯೂ ಇತ್ತು, ಮತ್ತು ಆ ಅಡ್ಡಿಯೊಡನೆ ಶೇಷಾದ್ರಿ ಅಯ್ಯರವರ ಹೆಸರು ಶಾಶ್ವತವಾಗಿ ಬೆರೆತುಹೋಗಿದೆ. ಮೈಸೂರಿನ ನದಿಗಳಲ್ಲಿ ಬಹುಪಾಲು ಕೊನೆಗೆ ಮದ್ರಾಸು ಪ್ರಾಂತದೊಳಕ್ಕೆ ಹರಿಯುತ್ತಿದ್ದವು. ಮೇಲೆ ಮೈಸೂರಿನವರು ಕೆರೆ ಕಟ್ಟಿದಂತೆ ಕೆಳಗಿನವರ ಆತಂಕ ಹೆಚ್ಚಿತು. ಆಂಗ್ಲ ಸರ್ಕಾರದ ನೆರಳಿನಲ್ಲಿ ನಡೆದ ಮಾತುಕತೆಗಳ ಪರಿಣಾಮವಾಗಿ 1892ರ ಫೆಬ್ರವರಿ 18ರಂದು ಒಂದು ಕರಾರು ಏರ್ಪಟ್ಟಿತು. ಅದರ ಪ್ರಕಾರ ಪಟ್ಟಿಯಲ್ಲಿ ಹೆಸರಿಸಿದ ಹದಿನೈದು ಮುಖ್ಯ ನದಿಗಳ ಮೇಲೆ ಮೈಸೂರು ಸರ್ಕಾರ ಮದ್ರಾಸಿನ ಪೂರ್ವಾನುಮತಿಯಿಲ್ಲದೆ ಹೊಸ ನೀರಾವರಿ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ. ಕಾವೇರಿ, ಹೇಮಾವತಿ, ತುಂಗಭದ್ರಾಗಳಷ್ಟೇ ಅಲ್ಲ, ನಮ್ಮ ಉತ್ತರ ಪಿನಾಕಿನಿಯೂ ಹಿರಿಯೂರಿನ ವೇದಾವತಿಯೂ ಆ ಪಟ್ಟಿಯಲ್ಲಿದ್ದವು. ಈ ಕರಾರಿಗಾಗಿ ಶೇಷಾದ್ರಿ ಅಯ್ಯರವರನ್ನು ದೂಷಿಸುವವರು ಅಂದಿನಿಂದ ಇಂದಿನವರೆಗೂ ಇದ್ದಾರೆ. ಮುಂದಿನ ಒಂದು ಶತಮಾನದ ಕಾವೇರಿ ವ್ಯಾಜ್ಯದ ಮೂಲ ಇಲ್ಲಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. 1924ರ ಕರಾರಿಗೂ ಇದೇ ಅಡಿಗಲ್ಲು.

ಆದರೆ ನ್ಯಾಯವಾಗಿ ನೋಡುವವರು ಕರಾರಿನ ಇನ್ನೊಂದು ಮುಖವನ್ನೂ ಓದಬೇಕು. ಕೆಳಗಿನವರು ಆಗಲೇ ಪಡೆದುಕೊಂಡು ಅನುಭವಿಸುತ್ತಿರುವ ಹಕ್ಕಿಗೆ ಧಕ್ಕೆ ಬರುವ ಸಂದರ್ಭವನ್ನು ಬಿಟ್ಟು ಬೇರೆ ಕಾರಣಕ್ಕೆ ಮದ್ರಾಸು ಅನುಮತಿಯನ್ನು ನಿರಾಕರಿಸುವಂತಿಲ್ಲ ಎಂಬ ಮಾತೂ, ಭಿನ್ನಾಭಿಪ್ರಾಯ ಬಂದರೆ ಪಂಚಾಯಿತಿಗೆ ಒಪ್ಪಿಸಬೇಕೆಂಬ ಮಾತೂ ಅದರಲ್ಲಿದ್ದವು. ಆಂಗ್ಲರು ಕೊಟ್ಟ ರಾಜ್ಯವನ್ನು ಆಂಗ್ಲರೇ ಹಿಂತೆಗೆದುಕೊಳ್ಳಬಹುದಾಗಿದ್ದ ಕಾಲದಲ್ಲಿ, ಸಾಲದಲ್ಲಿದ್ದ ಸಂಸ್ಥಾನದ ದಿವಾನರೊಬ್ಬರು ಮದ್ರಾಸು ಪ್ರಾಂತದಂತಹ ಬಲಿಷ್ಠರೊಡನೆ ಇದಕ್ಕಿಂತ ಹೆಚ್ಚಿಗೆ ಏನನ್ನು ಪಡೆಯಬಹುದಾಗಿತ್ತೆಂಬುದು ವಿಚಾರಣೀಯ. ನನ್ನ ಅಭಿಪ್ರಾಯದಲ್ಲಿ ಹಳೆಯ ಕೆರೆಗಳ ದುರಸ್ತಿಯ ಸ್ವಾತಂತ್ರ್ಯವನ್ನು ಉಳಿಸಿಕೊಂಡು ಹೊಸ ಜಲಾಶಯಗಳ ವಿಷಯದಲ್ಲಿ ಅವರು ತೀರಾ ಹೆಚ್ಚು ಬಿಟ್ಟುಕೊಟ್ಟರು. ಪಟ್ಟಿಗೆ ಇಷ್ಟೊಂದು ನದಿಗಳು ಸೇರಬೇಕಾಗಿರಲಿಲ್ಲ. ಏನೇ ಇರಲಿ, ಕರಾರಿಗೆ ಸಹಿ ಬಿದ್ದ ಆರು ವರ್ಷಗಳ ಬಳಿಕ ಅದೇ ಪಟ್ಟಿಯ ನದಿಯೊಂದರ ಮೇಲೆ, ಅಂದಿನ ಭಾರತದ ಅತಿ ದೊಡ್ಡ ಕೃತಕ ಜಲಾಶಯಗಳಲ್ಲೊಂದಕ್ಕೆ ಅವರು ಕೈಹಾಕಿದರು.

ಅಷ್ಟರಲ್ಲಿ ಸಂಸ್ಥಾನದ ಚಿತ್ರವೇ ಬದಲಾಗಿತ್ತು. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರ ಒಡೆಯರವರು ಗಂಟಲಮಾರಿ ರೋಗದಿಂದ ಅಕಾಲ ಮರಣಕ್ಕೆ ತುತ್ತಾದರು. ಯುವರಾಜರು ಇನ್ನೂ ಬಾಲಕರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ವಾಣಿವಿಲಾಸ ಸನ್ನಿಧಾನವೆಂಬ ಬಿರುದಿನೊಡನೆ ಆಡಳಿತವನ್ನು ವಹಿಸಿಕೊಂಡರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ನುಗ್ಗಿತು. ಅದೇ 1898ರಲ್ಲಿ ಮಾರಿಕಣಿವೆಯ ಕೆಲಸವೂ ಆರಂಭವಾಯಿತು.

ನೈಲ್ ನದಿಗೆ ಈಜಿಪ್ಟಿನ ಅಸ್ವಾನಿನಲ್ಲಿ ಕಟ್ಟೆ ಹಾಕಲು ತೊಡಗಿದ್ದೂ ಅದೇ ವರ್ಷ. ನಮ್ಮ ಕೆರೆಗಳಂತೆ ಮಣ್ಣಿನ ಏರಿಯನ್ನು ಮಾರಿಕಣಿವೆಗೆ ಹಾಕುವಂತಿರಲಿಲ್ಲ. ಮಣ್ಣಿನ ಏರಿ ಎತ್ತರವಾದಷ್ಟೂ ಅದರ ಬುಡ ಹಲವು ಪಟ್ಟು ಅಗಲವಾಗಬೇಕು; ಇಕ್ಕಟ್ಟಾದ ಕಂದರದಲ್ಲಿ ಅದಕ್ಕೆ ಎಡೆಯಿಲ್ಲ. ಅಲ್ಲಿದ್ದುದು ಗಟ್ಟಿಯಾದ ಬಂಡೆಯ ತಳ, ಎರಡೂ ಕಡೆ ಬಂಡೆಯ ಬೆಟ್ಟ, ಬೇಕಾದಷ್ಟು ಕಲ್ಲು. ಹೀಗಾಗಿ ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲಿನ ಕಟ್ಟಡವೇ ಏಳಬೇಕಾಯಿತು. ಸುಮಾರು 1,330 ಅಡಿ ಉದ್ದದ ಆ ಗೋಡೆ ನದಿಯ ತಳದಿಂದ 142 ಅಡಿ ಎತ್ತರಕ್ಕೆ ಏರಿತು. ಪೂರ್ಣ ತುಂಬಿದಾಗ 130 ಅಡಿ ನೀರು. ಅಂದರೆ ಸುಮಾರು 30 ಟಿ.ಎಂ.ಸಿ. ಹೋಲಿಕೆಗೆ ಹೇಳುವುದಾದರೆ, ಅದಾದ ಹದಿಮೂರು ವರ್ಷಗಳ ಅನಂತರ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು. ಕಣಿವೆಯ ಹಿಂದಿನ ಹಲವು ಹಳ್ಳಿಗಳು ನೀರಿನಡಿ ಹೋದವು. ಅಲ್ಲಿನವರು ಹೊಲ, ಮನೆ, ಗುಡಿಗಳನ್ನು ಬಿಟ್ಟು ಏಳಬೇಕಾಯಿತು. ಅವರ ಸಂಕಟ ಅಂದಿನ ವರದಿಗಳಲ್ಲಿ ಪರಿಹಾರದ ಅಂಕಿಗಳಾಗಿ ಮಾತ್ರ ಉಳಿದಿದೆ.

ಇತ್ತ ಕಾವೇರಿಯ ಶಿವನಸಮುದ್ರದಲ್ಲಿ ಇನ್ನೊಂದು ಸಾಹಸ ನಡೆದಿತ್ತು. ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಬಹುದೆಂಬುದು ಅಂದಿಗೆ ತೀರಾ ಹೊಸ ವಿದ್ಯೆ. ಅಮೆರಿಕೆಯ ನಯಾಗರಾದಿಂದ ಬಫೆಲೋ ನಗರಕ್ಕೆ ವಿದ್ಯುತ್ತು ಹರಿದದ್ದು 1896ರಲ್ಲಿ. ಆ ದೂರ ಮೂವತ್ತು ಮೈಲಿಯನ್ನೂ ಮುಟ್ಟಿರಲಿಲ್ಲ. ಮೈಸೂರಿನ ಡೆಪ್ಯುಟಿ ಚೀಫ್ ಎಂಜಿನಿಯರಾಗಿದ್ದ ಕ್ಯಾಪ್ಟನ್ ಡಿ ಲಾಟ್‌ಬಿನಿಯೇರ್ ಎಂಬುವರು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ತಂತಿ ಎಳೆಯುವ ಯೋಜನೆಯನ್ನು ಮುಂದಿಟ್ಟರು. ಅಷ್ಟು ದೂರ ವಿದ್ಯುತ್ತು ಸಾಗೀತೆ ಎಂದು ಅನುಮಾನಿಸುವುದಕ್ಕೆ ಸಕಾರಣವಿತ್ತು. ದಿವಾನರು ಅನುಮಾನಿಸಲಿಲ್ಲ, ಅಥವಾ ಅನುಮಾನವಿದ್ದರೂ ಅದನ್ನು ಲೆಕ್ಕದಿಂದ ಗೆದ್ದರು. ಗಣಿಗಳು ಸೌದೆ ಮತ್ತು ಕಲ್ಲಿದ್ದಲಿಗಾಗಿ ಅಪಾರ ಹಣವನ್ನು ತೆರುತ್ತಿದ್ದವು. ವಿದ್ಯುತ್ತಿಗೆ ಖಚಿತವಾದ ಗಿರಾಕಿ ಮೊದಲೇ ದೊರೆತಿದ್ದುದರಿಂದ ಬಂಡವಾಳ ಮುಳುಗುವ ಭಯವಿರಲಿಲ್ಲ. ಚಿನ್ನದ ಮೇಲಿನ ರಾಜಧನ ಮೊದಲೇ ಬರುತ್ತಿತ್ತು. ಈಗ ಅದೇ ಗಣಿಗಳಿಗೆ ನೀರಿನ ಬಲವನ್ನೂ ಮಾರುವ ಏರ್ಪಾಟು. ಕ್ಯಾಪ್ಟನರು 1899ರಲ್ಲಿ ಯೂರೋಪು, ಅಮೆರಿಕೆಗಳಿಗೆ ಹೋಗಿ ಯಂತ್ರಗಳನ್ನು ಗೊತ್ತುಮಾಡಿ ಬಂದರು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುದ್ಯಂತ್ರಗಳು ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯವು.

ಹೀಗೆ ಒಂದೇ ಕಾಲದಲ್ಲಿ ಒಂದು ನದಿಯನ್ನು ನೀರಾವರಿಗಾಗಿ, ಇನ್ನೊಂದನ್ನು ಬೆಳಕಿಗಾಗಿ ಪಳಗಿಸುವ ಎರಡು ದೊಡ್ಡ ಕೆಲಸಗಳು ಸಂಸ್ಥಾನದಲ್ಲಿ ನಡೆದಿದ್ದವು. ಇವುಗಳ ನಡುವೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಶಿವನಸಮುದ್ರದ ಲಾಭವನ್ನು ಕಾಗದದ ಮೇಲೆ ತೋರಿಸಬಹುದಾಗಿತ್ತು. ಮಾರಿಕಣಿವೆಯಿಂದ ಅಂತಹ ಲಾಭ ಬರುವುದಿಲ್ಲವೆಂದು ಟೀಕಾಕಾರರು ಅಂದೇ ಎಣಿಸಿದ್ದರು. ಆದರೂ 40 ಲಕ್ಷಕ್ಕೂ ಮಿಕ್ಕ ಹಣವನ್ನು ಆ ಕಣಿವೆಗೆ ಸುರಿಯುವ ನಿರ್ಧಾರವನ್ನು, ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ದಿವಾನರೇ ಮಾಡಿದರು. ಬರಗಾಲದಲ್ಲಿ ಉಳಿಯುವ ಪ್ರಾಣಗಳಿಗೆ ಖಜಾನೆಯ ಪುಸ್ತಕದಲ್ಲಿ ಜಮಾ ಅಂಕಣವಿಲ್ಲ. 1879ರಲ್ಲಿ ತುಮಕೂರಿನ ಹಳ್ಳಿಗಳಲ್ಲಿ ತಿರುಗಿದ್ದವರಿಗೆ ಇದು ಗೊತ್ತಿರಲೇಬೇಕು.

ಅವರ ಸ್ವಭಾವವನ್ನು ಕುರಿತು ಎರಡು ಮಾತು. ಅವರು ಅಪಾರವಾಗಿ ದುಡಿಯುವವರು. ಕಡತವನ್ನು ತಾವೇ ಕೊನೆಯ ಪುಟದವರೆಗೂ ಓದುವವರು. ಹಾಗೆಯೇ ತಮ್ಮ ಮಾತೇ ನಡೆಯಬೇಕೆನ್ನುವವರು. ಪ್ರಜಾಪ್ರತಿನಿಧಿ ಸಭೆಯ ಸದಸ್ಯರ ಆಯ್ಕೆಗೆ ಚುನಾವಣೆಯನ್ನು ತಂದವರೂ ಅವರೇ, ಅಲ್ಲಿನ ಟೀಕೆಗೆ ಸುಲಭವಾಗಿ ಬಾಗದವರೂ ಅವರೇ. 1891ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಆರಂಭಿಸಿದರು. ದೊಡ್ಡ ಹುದ್ದೆಗಳು ಮದ್ರಾಸಿನವರ ಪಾಲಾಗುತ್ತಿವೆ, ಮೈಸೂರಿಗರಿಗೆ ಅನ್ಯಾಯವಾಗುತ್ತಿದೆ ಎಂಬ ಕೂಗು ಅವರ ಕಾಲದಲ್ಲಿ ಬಲವಾಗಿ ಎದ್ದಿತು; ಅದು ನಿರಾಧಾರವಾಗಿರಲಿಲ್ಲ. 1894ರಲ್ಲಿ ಶಿಶುವಿವಾಹವನ್ನು ತಡೆಯುವ ಕಾನೂನನ್ನು ತಂದಾಗ ಸಂಪ್ರದಾಯಸ್ಥರ ಕೋಪಕ್ಕೂ ಗುರಿಯಾದರು. ಆಂಗ್ಲ ಸರ್ಕಾರ ಅವರಿಗೆ 1887ರಲ್ಲಿ ಸಿ.ಎಸ್.ಐ., 1893ರಲ್ಲಿ ಕೆ.ಸಿ.ಎಸ್.ಐ. ಗೌರವಗಳನ್ನು ನೀಡಿತು.

ಹದಿನೆಂಟು ವರ್ಷಗಳ ಬಿಡುವಿಲ್ಲದ ದುಡಿಮೆ ದೇಹವನ್ನು ಹಣ್ಣುಮಾಡಿತ್ತು. 1900ರ ವೇಳೆಗೆ ಆರೋಗ್ಯ ಕೆಟ್ಟು ರಜೆಯ ಮೇಲೆ ಹೋಗಬೇಕಾಯಿತು, ಟಿ.ಆರ್.ಎ. ತಂಬುಚೆಟ್ಟಿಯವರು ದಿವಾನರ ಕೆಲಸವನ್ನು ನೋಡಿಕೊಂಡರು. 1901ರ ಮಾರ್ಚಿಯಲ್ಲಿ ಶೇಷಾದ್ರಿ ಅಯ್ಯರವರು ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಆಗ ಅವರಿಗೆ ಐವತ್ತಾರು ವರ್ಷ. ಸಾಲದಿಂದ ಆರಂಭವಾದ ಅವರ ಆಡಳಿತ ಮುಗಿದಾಗ ಸಂಸ್ಥಾನದ ಬಳಿ ಒಂದೂವರೆ ಕೋಟಿ ರೂಪಾಯಿಗೂ ಮೀರಿದ ಉಳಿತಾಯವಿತ್ತು.

ಅವರು ತೊಡಗಿಸಿದ ಎರಡು ಕೆಲಸಗಳಲ್ಲಿ ಒಂದನ್ನೂ ಅವರು ಮುಗಿದ ಸ್ಥಿತಿಯಲ್ಲಿ ಕಾಣಲಿಲ್ಲ. ಅವರು ಕಣ್ಮುಚ್ಚಿದ ಒಂಬತ್ತು ತಿಂಗಳ ಬಳಿಕ, 1902ರ ಜೂನ್ 30ರಂದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಮಾರಿಕಣಿವೆಯ ಕಟ್ಟಡ 1907ರಲ್ಲಿ ಪೂರ್ಣಗೊಂಡು, ಜಲಾಶಯಕ್ಕೆ ರೀಜೆಂಟ್ ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರವೆಂದು ನಾಮಕರಣವಾಯಿತು. ಬೇಸಿಗೆಯಲ್ಲಿ ಕಾವೇರಿ ಇಳಿದಾಗ ಶಿವನಸಮುದ್ರದ ಯಂತ್ರಗಳು ಸೊರಗುತ್ತಿದ್ದುದೇ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಯನ್ನು ಕಟ್ಟಲು ಒಂದು ಮುಖ್ಯ ಕಾರಣವಾಯಿತು; ನೀರಾವರಿಯೂ ವಿದ್ಯುತ್ತೂ ಒಂದೇ ಕಟ್ಟೆಯ ಆಸರೆಯಲ್ಲಿ ಕೂಡಿದ್ದು ಅಲ್ಲಿ. ಅದಕ್ಕೆ ಮದ್ರಾಸು ತಕರಾರು ತೆಗೆದದ್ದು 1892ರ ಕರಾರನ್ನು ಹಿಡಿದುಕೊಂಡೇ.

ಮಾರಿಕಣಿವೆ ಎಣಿಸಿದಷ್ಟು ಸಲ ತುಂಬಲಿಲ್ಲವೆಂಬುದು ನಿಜ. ಮೊದಲ ಬಾರಿಗೆ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಬಾರಿ, ಎಂಬತ್ತೊಂಬತ್ತು ವರ್ಷಗಳ ಅನಂತರ, 2022ರ ಸೆಪ್ಟೆಂಬರಿನಲ್ಲಿ. ಮೂರನೆಯದು 2025ರ ಜನವರಿಯಲ್ಲಿ. ಮೇಲಿನ ಕಡೂರು, ಹೊಸದುರ್ಗ ಸೀಮೆಗಳ ನೂರಾರು ಕೆರೆಗಳು ತಮ್ಮ ಪಾಲನ್ನು ಮೊದಲು ಹಿಡಿದುಕೊಳ್ಳುತ್ತವೆ, ಮಿಕ್ಕದ್ದು ಕಣಿವೆಗೆ. ಆದರೆ ತುಂಬುವುದೇ ಜಲಾಶಯದ ಏಕೈಕ ಪರೀಕ್ಷೆಯಲ್ಲ. ಎಂಬತ್ತೊಂಬತ್ತು ವರ್ಷ ಕೋಡಿ ಬೀಳದೆಯೂ ಹಿರಿಯೂರಿನ ತೆಂಗು, ಬಾಳೆ, ಅಡಕೆ ತೋಟಗಳು ಅದೇ ನೀರಿನಿಂದ ಬೆಳೆದವು. ಚಿತ್ರದುರ್ಗದಂತಹ ಊರುಗಳು ಕುಡಿಯುವ ನೀರಿಗೆ ಅದನ್ನೇ ನಂಬಿದವು. ಇತ್ತೀಚಿನ ವರ್ಷಗಳಲ್ಲಿ ಅದು ಏರಿದ್ದಕ್ಕೆ ಒಳ್ಳೆಯ ಮಳೆಯ ಜೊತೆಗೆ ಭದ್ರಾ ನದಿಯಿಂದ ಎತ್ತಿ ತಂದ ನೀರೂ ಕಾರಣ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ವಾಣಿವಿಲಾಸಕ್ಕೆ 2 ಟಿ.ಎಂ.ಸಿ. ನೀರನ್ನು ಗೊತ್ತುಮಾಡಿದ್ದಾರೆ, ಅದೇ ಯೋಜನೆಯ ತುಮಕೂರು ಶಾಖಾ ಕಾಲುವೆಯ ನೀರು ಶಿರಾ, ಪಾವಗಡಗಳ ಕೆರೆಗಳಿಗೂ ಸೇರಬೇಕೆಂಬುದು ಸಂಕಲ್ಪ. ಆ ಕಾಲುವೆಯ ದಾರಿಯನ್ನು ನಮ್ಮ ರೈತರು ಬಹುಕಾಲದಿಂದ ಕಾಯುತ್ತಿದ್ದಾರೆ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಪಾವಗಡದ ಪಾಡು ವಿಚಿತ್ರವಾಗಿ ತಿರುಗಿತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು 2018ರಿಂದ ಸೌರವಿದ್ಯುತ್ ಉತ್ಪಾದನೆ ಆರಂಭವಾಯಿತು. 2019ರ ಕೊನೆಯ ವೇಳೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಶಿವನಸಮುದ್ರದ ಮೊದಲ ಯಂತ್ರಗಳ ಬಲ ಸುಮಾರು 6,000 ಅಶ್ವಶಕ್ತಿ, ಅಂದರೆ ಐದು ಮೆಗಾವಾಟಿಗೂ ಕಡಮೆ. ಮಳೆಯಿಲ್ಲದ ಬಿಸಿಲೇ ಇಲ್ಲಿ ಬೆಳೆಯಾಯಿತು. ಗುತ್ತಿಗೆಯ ಹಣವೂ ಮನೆಗಳಿಗೆ ಬರುತ್ತಿದೆ. ನೀರು ಮಾತ್ರ ಇನ್ನೂ ಕೊಳವೆಬಾವಿಯ ಆಳದಲ್ಲಿಯೇ ಇದೆ.

ಶೇಷಾದ್ರಿ ಅಯ್ಯರವರ ಸ್ಮಾರಕಗಳು ಬೆಂಗಳೂರಿನಲ್ಲಿವೆ. ಅವರು ವಾಸವಾಗಿದ್ದ ಕುಮಾರಕೃಪಾ ಈಗ ಸರ್ಕಾರದ ಅತಿಥಿಗೃಹ. ಅವರ ಕಾಲದಲ್ಲಿ ರಚಿತವಾದ ಬಡಾವಣೆ ಶೇಷಾದ್ರಿಪುರ. ಕಬ್ಬನ್ ಉದ್ಯಾನದಲ್ಲಿ ಅವರ ಹೆಸರಿನ ಸ್ಮಾರಕ ಭವನದಲ್ಲಿ ಗ್ರಂಥಾಲಯ ನಡೆಯುತ್ತಿದೆ. ಅದರ ಮುಂದಿನ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರು ಅನಾವರಣಗೊಳಿಸಿದರು. ಹಿರಿಯೂರಿನ ಕಣಿವೆಯಲ್ಲಿರುವ ಜಲಾಶಯ ಮಹಾರಾಣಿಯವರ ಹೆಸರನ್ನು ಹೊತ್ತಿದೆ. ಸುತ್ತಲಿನ ಹಳ್ಳಿಗಳ ಜನ ಮಾತ್ರ ಅದನ್ನು ಇಂದಿಗೂ ಮಾರಿಕಣಿವೆ ಎಂದೇ ಕರೆಯುತ್ತಾರೆ.